ತುಂಗಮ್ಮನವರು ಬಿಟ್ಟ ಮೆಕ್ಕೆಜೋಳ

ಕೊಪ್ಪದ ಬಸ್ಸು ನಿಲ್ದಾಣದಿಂದ ಮೇಲ್ಬದಿಗೆ ಹತ್ತುವ ಓಣಿಯಲ್ಲಿ, ಹಿಟ್ಟಿನ ಗಿರಣಿಯನ್ನು ದಾಟಿದ ಮೇಲೆ ಸಿಗುವ ಮೂರನೆಯ ಮನೆ ಪುಟ್ಟಪ್ಪನವರದು. ಶೃಂಗೇರಿಗೂ ನರಸಿಂಹರಾಜಪುರಕ್ಕೂ ನಡುವೆ ಓಡಾಡುವ ಖಾಸಗಿ ಬಸ್ಸಿನಲ್ಲಿ ಮೂವತ್ತೊಂದು ವರ್ಷ ಕಂಡಕ್ಟರಾಗಿದ್ದು ವಿಶ್ರಾಂತರಾದ ಅವರನ್ನು ಮೂರು ತಾಲ್ಲೂಕಿನ ಜನರೂ ಬಲ್ಲರು. ಆದರೂ ಆ ಮನೆಯನ್ನು ಹುಡುಕಿಕೊಂಡು ಬರುವವರು ಅವರ ಹೆಸರು ಹೇಳುತ್ತಿರಲಿಲ್ಲ. "ರೊಟ್ಟಿ ತುಂಗಮ್ಮನ ಮನೆ ಯಾವುದು?" ಎಂದೇ ಕೇಳುತ್ತಿದ್ದರು. ಇದರಿಂದ ಪುಟ್ಟಪ್ಪನವರಿಗೆ ಬೇಸರವೇನೂ ಇರಲಿಲ್ಲ. "ನಾನು ಜನರನ್ನು ಊರು ಮುಟ್ಟಿಸಿದವನು, ಅವಳು ಊಟ ಮುಟ್ಟಿಸಿದವಳು. ನೆನಪಿರುವುದು ಯಾವುದು ಹೇಳು ಮಾರಾಯ?" ಎಂದು ತಾವೇ ನಗುತ್ತಿದ್ದರು.

ತುಂಗಮ್ಮನವರ ಅಕ್ಕಿರೊಟ್ಟಿ ಹೆಸರಾದದ್ದು ಸುಮ್ಮನೆ ಅಲ್ಲ. ನೀರಿನ ಅಳತೆಗೆ ಅವರು ಪಾತ್ರೆಯನ್ನು ನೋಡುತ್ತಿರಲಿಲ್ಲ, ಕಿವಿಯನ್ನು ನಂಬುತ್ತಿದ್ದರು. ಕುದಿಯುವ ನೀರಿನ ಸದ್ದು ಗುಳುಗುಳು ಎನ್ನುವುದನ್ನು ಬಿಟ್ಟು ಒಂದೇ ಸಮನಾಗಿ ಮೊರೆಯತೊಡಗಿದ ಕ್ಷಣದಲ್ಲಿ ಹಿಟ್ಟು ಸುರಿದು, ಕೋಲಿನಿಂದ ನಡುವೆ ಕುಳಿ ಮಾಡಿ, ಮುಚ್ಚಿಡುವರು. ಬೆಂದ ಹಿಟ್ಟನ್ನು ಸುಡುವ ಬಿಸಿಯಲ್ಲಿಯೇ ನಾದುವರು. ದೇವರಿಗೆ ತೋರಿಸುವ ಮುಂಚೆ ಯಾವುದನ್ನೂ ಬಾಯಿಗೆ ಹಾಕಿ ನೋಡುವ ಪದ್ಧತಿ ಆ ಅಡಿಗೆಮನೆಯಲ್ಲಿ ಇರಲಿಲ್ಲವಾದ್ದರಿಂದ, ಉಪ್ಪು ಹೆಚ್ಚೋ ಕಡಿಮೆಯೋ ಎಂಬುದನ್ನೂ ಅವರು ಆವಿಯ ವಾಸನೆಯಿಂದಲೇ ಹೇಳಬಲ್ಲವರಾಗಿದ್ದರು. ಕಿಗ್ಗದಲ್ಲಿ ಹುಟ್ಟಿ, ಹತ್ತೊಂಬತ್ತನೆಯ ವಯಸ್ಸಿಗೆ ಕೊಪ್ಪಕ್ಕೆ ಸೊಸೆಯಾಗಿ ಬಂದು, ಅತ್ತೆ ಸುಬ್ಬಲಕ್ಷ್ಮಮ್ಮನವರ ಕೈಕೆಳಗೆ ಕಲಿತ ವಿದ್ಯೆ ಅದು.

ಇಂಥ ತುಂಗಮ್ಮನವರ ಮನಸ್ಸಿನೊಳಗೆ ಇಪ್ಪತ್ತನಾಲ್ಕು ವರ್ಷಗಳಿಂದ ಒಂದು ಮುಳ್ಳು ಮುರಿದು ನಿಂತಿತ್ತು. ಹೊರಗಿನವರಿಗೆ ಅದು ನಗೆಯ ಮಾತು. ಅವರಿಗೆ ಮಾತ್ರ ಅಲ್ಲ.

ಎಂಬತ್ತನಾಲ್ಕನೆಯ ಇಸವಿಯ ಮಹಾಲಯ ಪಕ್ಷದಲ್ಲಿ, ತೀರಿಕೊಂಡ ಮಾವನವರಿಗೆ ಗಯಾಶ್ರಾದ್ಧ ಮಾಡಬೇಕೆಂದು ಮನೆಯವರೆಲ್ಲ ಬೀರೂರಿನಲ್ಲಿ ರೈಲು ಹತ್ತಿದರು. ಸುಬ್ಬಲಕ್ಷ್ಮಮ್ಮ, ಪುಟ್ಟಪ್ಪ, ತುಂಗಮ್ಮ, ಜೊತೆಗೆ ಪಕ್ಕದ ಮನೆಯ ಚಿಕ್ಕಕ್ಕ. ಚಿಕ್ಕಕ್ಕ ಪುಟ್ಟಪ್ಪನವರಿಗೆ ದೂರದ ಸಂಬಂಧದಲ್ಲಿ ಅಕ್ಕ. ನಾಲಿಗೆಗೆ ಬೇಲಿಯಿಲ್ಲದ ಹೆಂಗಸು, ಮನಸ್ಸಿಗೆ ಕಪಟವಿಲ್ಲದವಳು. ಗಯೆಗೆ ಹೋದವರು ಪಿಂಡಪ್ರದಾನವಾದ ಮೇಲೆ ಅಕ್ಷಯವಟದ ಬುಡದಲ್ಲಿ ನಿಂತು ತಮಗೆ ಪ್ರಿಯವಾದ ಒಂದು ಕಾಯನ್ನೋ ಹಣ್ಣನ್ನೋ ಬಿಟ್ಟು ಬರುವುದು ಹಿರಿಯರಿಂದ ನಡೆದು ಬಂದ ಕ್ರಮ. ಬಿಟ್ಟ ಮೇಲೆ ಪ್ರಾಣವಿರುವ ತನಕ ಅದನ್ನು ತಿನ್ನುವಂತಿಲ್ಲ. ಬಿಡುವುದು ಪ್ರಿಯವಾದದ್ದೇ ಆಗಬೇಕು. ಇಷ್ಟವಿಲ್ಲದ್ದನ್ನು ಬಿಟ್ಟರೆ ಅದಕ್ಕೆ ಬಿಡುವುದೆಂಬ ಹೆಸರೇ ಸಲ್ಲದು.

ರೈಲಿನಲ್ಲಿ ಮೂರು ದಿವಸ ತುಂಗಮ್ಮನವರು ಯೋಚಿಸಿದ್ದು ಒಂದೇ ವಿಷಯ. ಅವರಿಗೆ ಪ್ರಾಣಕ್ಕಿಂತ ಹೆಚ್ಚಾದದ್ದು ಮಾವಿನ ಮಿಡಿಯ ಉಪ್ಪಿನಕಾಯಿ. ತವರಿನ ಹಳ್ಳದ ಬದಿಯ ಮರದ ಮಿಡಿ, ಜೀರಿಗೆಯ ಪರಿಮಳದ್ದು. ಅದಿಲ್ಲದೆ ಮೊಸರನ್ನ ಗಂಟಲಿಗೆ ಇಳಿಯುತ್ತಿರಲಿಲ್ಲ. ಬಿಡುವುದಾದರೆ ಅದನ್ನೇ ಬಿಡಬೇಕು ಎಂದು ನಿಶ್ಚಯಿಸಿಕೊಂಡೇ ಅವರು ಗಯೆಯಲ್ಲಿ ಇಳಿದರು.

ವಟವೃಕ್ಷದ ಬಳಿ ನೂಕುನುಗ್ಗಲು. ಪುರೋಹಿತರು ಅವಸರದಲ್ಲಿದ್ದರು. ಸುಬ್ಬಲಕ್ಷ್ಮಮ್ಮ ತಡವರಿಸದೆ "ಹಲಸಿನ ಹಣ್ಣು" ಎಂದರು. ಪುಟ್ಟಪ್ಪ ನಿಟ್ಟುಸಿರಿಟ್ಟು "ಬದನೆಕಾಯಿ" ಎಂದರು. ತುಂಗಮ್ಮನವರ ಸರದಿ ಬಂದಾಗ ನಾಲಿಗೆ ಮೇಲೇಳಲಿಲ್ಲ. ಮಿಡಿಯ ಭರಣಿ ಕಣ್ಣಮುಂದೆ ಬಂತು. ಪುರೋಹಿತರು "ಬೇಗ, ಬೇಗ" ಎಂದರು. ಹೊರಗೆ ದಾರಿಯಂಚಿನಲ್ಲಿ ಒಬ್ಬನು ಕೆಂಡದ ಮೇಲೆ ತೆನೆಗಳನ್ನು ಹೊರಳಿಸಿ ಸುಡುತ್ತಿದ್ದದ್ದು ಕಣ್ಣಿಗೆ ಬಿತ್ತು. "ಮೆಕ್ಕೆಜೋಳ" ಎಂದುಬಿಟ್ಟರು. ಮಂತ್ರ ಮುಗಿಯಿತು, ನೀರು ಬಿಟ್ಟದ್ದೂ ಆಯಿತು. ಆ ದಿನದ ತನಕ ಅವರು ಮೆಕ್ಕೆಜೋಳದ ಒಂದು ಕಾಳನ್ನೂ ತಿಂದವರಲ್ಲ.

ಹಿಂದೆಯೇ ನಿಂತಿದ್ದ ಚಿಕ್ಕಕ್ಕನಿಗೆ ನಗು ತಡೆಯಲಿಲ್ಲ.

"ಅಲ್ವೇ ತುಂಗೆ, ಹುಲಿಯ ಹಾಲು ಬಿಟ್ಟೆ ಅಂದಿದ್ರೂ ನಡೀತಿತ್ತಲ್ಲೇ."

"ನೀವೆಂತ ಬಿಟ್ರಿ ಚಿಕ್ಕಕ್ಕ?"

"ಹಾಗಲಕಾಯಿ. ನಂಗೆ ಅದನ್ನು ಕಂಡ್ರೇ ಆಗ್ತಿರ್ಲಿಲ್ಲ. ಇನ್ನು ಮೇಲೆ ಯಾರೂ ಬಡಿಸೂ ಹಾಗಿಲ್ಲ. ನಂಗೆ ರಾತ್ರಿ ನಿದ್ದೆ ಚೆನ್ನಾಗಿ ಬತ್ತದೆ ಮಾರಾಯ್ತಿ."

ಚಿಕ್ಕಕ್ಕನಿಗೆ ನಿದ್ದೆ ಬಂದಿತು, ತುಂಗಮ್ಮನವರಿಗೆ ಬರಲಿಲ್ಲ. ಅತ್ತೆಯವರು ಗದರಿಸಲಿಲ್ಲ. "ಬಾಯಲ್ಲಿ ಬಂದದ್ದು ಬಂತು. ಅದನ್ನೇ ನಡೆಸು" ಎಂದು ಒಂದು ಮಾತು ಹೇಳಿ ಸುಮ್ಮನಾದರು. ಆ ವಿಷಯವನ್ನು ಮತ್ತೆ ಎತ್ತಿದವರೂ ಅಲ್ಲ.

ಗದರಿಸಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಅದರ ಬದಲು ಪ್ರತಿ ವರ್ಷ ಹಲಸಿನ ಕಾಲ ಬರುತ್ತಿತ್ತು. ಕೈಗೆ ಎಣ್ಣೆ ಸವರಿಕೊಂಡು ಹಣ್ಣನ್ನು ಸೀಳಿ, ಒಂದೊಂದೇ ತೊಳೆಯನ್ನು ಬಿಡಿಸಿ, ಮನೆಯವರಿಗೆಲ್ಲ ಹಂಚಿ, ತಾವು ಮಾತ್ರ ಗಂಜಿ ಸುರಿದುಕೊಳ್ಳುತ್ತಿದ್ದ ಸುಬ್ಬಲಕ್ಷ್ಮಮ್ಮನವರ ಮುಖದಲ್ಲಿ ಆಸೆಯೂ ಕಾಣುತ್ತಿತ್ತು, ಆಸೆಯನ್ನು ಗೆದ್ದ ಒಂದು ಬೆಳಕೂ ಕಾಣುತ್ತಿತ್ತು. ತೊಂಬತ್ತಾರರಲ್ಲಿ ಅವರು ಕಣ್ಣು ಮುಚ್ಚುವ ತನಕ ಹನ್ನೆರಡು ಹಲಸಿನ ಕಾಲಗಳು ಹೀಗೆಯೇ ಕಳೆದವು. ಪುಟ್ಟಪ್ಪನವರು ಮದುವೆಯೂಟದ ಎಲೆಯಲ್ಲಿ ಬದನೆಯ ಎಣ್ಣೆಗಾಯಿಯನ್ನು ಅಂಚಿಗೆ ಸರಿಸುವಾಗ ಗೊಣಗುತ್ತಿದ್ದರು, ಗೊಣಗಿದರೂ ಸರಿಸುತ್ತಿದ್ದರು. ತುಂಗಮ್ಮನವರು ಮಾತ್ರ ಏನನ್ನೂ ಸರಿಸಬೇಕಾಗಿ ಬರಲಿಲ್ಲ. ಮೊಸರನ್ನದ ಪಕ್ಕದಲ್ಲಿ ಮಿಡಿ ಇದ್ದೇ ಇತ್ತು. ದೇವರ ಮುಂದೆ ನಿಂತು ಬರಿಗೈ ಮುಚ್ಚಿ ಕಾಣಿಕೆ ಹಾಕಿದಂತೆ ನಟಿಸಿದೆನಲ್ಲ ಎಂಬ ನಾಚಿಕೆ ಆ ಮಿಡಿಯೊಂದಿಗೇ ಬಾಯಿಗೆ ಹೋಗುತ್ತಿತ್ತು. ಸಂಕಲ್ಪವಿಲ್ಲದಿದ್ದರೂ ತಾವಾಗಿಯೇ ಮಿಡಿಯನ್ನು ಬಿಟ್ಟುನೋಡಿದರು, ಎರಡು ಸಲ. ಒಮ್ಮೆ ಹನ್ನೊಂದು ದಿವಸ ನಡೆಯಿತು, ಇನ್ನೊಮ್ಮೆ ನಾಲ್ಕು.

ಒಮ್ಮೆ ತವರಿಗೆ ಹೋಗಿದ್ದಾಗ, ಕಿಗ್ಗದ ದೇವಸ್ಥಾನದಲ್ಲಿ ಪಾರಾಯಣಕ್ಕೆ ಕೂರುತ್ತಿದ್ದ ವೃದ್ಧರೊಬ್ಬರ ಬಳಿ ಇದನ್ನು ಹೇಳಿಕೊಂಡು, ಬಿಟ್ಟದ್ದನ್ನು ಬದಲಾಯಿಸಿಕೊಳ್ಳಲು ದಾರಿಯುಂಟೇ ಎಂದು ಕೇಳಿದ್ದರು. ಆ ಹಿರಿಯರು ಗ್ರಂಥದಿಂದ ತಲೆಯೆತ್ತಿ, "ಕೊಟ್ಟ ಹಸುವನ್ನು ಹಿಂದಕ್ಕೆ ಎಳೆದುಕೊಂಡು ಬಂದು ಬೇರೆ ಹಸುವನ್ನು ಕಟ್ಟುವುದು ಬೇಡ ತಾಯೀ. ನೀನು ಬಿಟ್ಟದ್ದು ಬಿಟ್ಟದ್ದೇ. ಅದು ಯಾವತ್ತಾದರೂ ನಿನ್ನ ಎದುರಿಗೆ ಬಂದು ನಿಂತರೆ ಆಗ ನೋಡಿಕೋ" ಎಂದು ಹೇಳಿ ಮತ್ತೆ ಓದಲು ತೊಡಗಿದರು. ಮೆಕ್ಕೆಜೋಳ ಕೊಪ್ಪದ ಮನೆಯೊಂದರ ಅಡಿಗೆಯೊಳಗೆ ಬಂದು ನಿಲ್ಲುವುದುಂಟೇ? ತುಂಗಮ್ಮನವರು ಬಂದ ದಾರಿಯಲ್ಲೇ ಹಿಂದಿರುಗಿದರು.

ಆದರೆ ಅದು ಬರತೊಡಗಿತ್ತು, ಮೆಲ್ಲಗೆ. ಮೊದಲು ತರೀಕೆರೆಯ ಕಡೆಯ ಹೊಲಗಳಲ್ಲಿ ಎಂದು ಪುಟ್ಟಪ್ಪ ಬಸ್ಸಿನ ಸುದ್ದಿ ತಂದರು. ಆಮೇಲೆ ನರಸಿಂಹರಾಜಪುರದ ಕೆಳಬದಿಯ ಒಣಭೂಮಿಯಲ್ಲಿ. ಆಮೇಲೆ ಶೆಟ್ಟಿಕೊಪ್ಪದ ಹತ್ತಿರವೇ. "ನೀನು ಗಯೆಯಲ್ಲಿ ಬಿಟ್ಟ ಸಾಮಾನು ನಿನ್ನ ವಿಳಾಸ ಕೇಳಿಕೊಂಡು ಬತ್ತಾ ಉಂಟು" ಎಂದು ಅವರು ತಮಾಷೆ ಮಾಡುವರು. ತುಂಗಮ್ಮನವರು ನಗುವರು. ಒಳಗೆ ನಗುತ್ತಿರಲಿಲ್ಲ.

ಎರಡು ಸಾವಿರದ ಎಂಟನೆಯ ಇಸವಿಯ ವೈಶಾಖದಲ್ಲಿ ಮಗ ಯಶವಂತನಿಗೆ ಮದುವೆಯಾಯಿತು. ಯಶವಂತ ಪೇಟೆಯಲ್ಲಿ ಮಿಕ್ಸಿ, ಗ್ರೈಂಡರು ರಿಪೇರಿಯ ಅಂಗಡಿ ಇಟ್ಟುಕೊಂಡವನು. ಸೊಸೆಯಾಗಿ ಬಂದ ಅರ್ಪಿತಾ ಶೆಟ್ಟಿಕೊಪ್ಪದವಳು. ಓದಿದವಳು, ಮೆದುಮಾತಿನವಳು, ಅಡಿಗೆಯಲ್ಲಿ ಆಸೆಯುಳ್ಳವಳು. ಟಿವಿಯ ಅಡಿಗೆ ಕಾರ್ಯಕ್ರಮಗಳನ್ನು ನೋಡಿ ಗುಂಡುಗುಂಡಾದ ಅಕ್ಷರದಲ್ಲಿ ಬರೆದಿಟ್ಟುಕೊಂಡ ನೋಟುಪುಸ್ತಕವನ್ನು ತವರಿನಿಂದ ಸೀರೆಗಳ ನಡುವೆ ಇಟ್ಟು ತಂದಿದ್ದಳು. ಆದರೆ ಆ ಪುಸ್ತಕ ಏಳು ತಿಂಗಳು ಬೀರುವಿನಿಂದ ಹೊರಗೆ ಬರಲಿಲ್ಲ. ಅಡಿಗೆಮನೆಗೆ ಬಂದರೆ ಅತ್ತೆ, "ನೀನು ಕೂತ್ಕೋ ಮಗಾ, ಇದೆಂತ ದೊಡ್ಡ ಕೆಲಸ" ಎನ್ನುವರು. ಅದು ಪ್ರೀತಿಯ ಮಾತೇ. ಆದರೆ ಪ್ರೀತಿಯಿಂದ ಮುಚ್ಚಿದ ಬಾಗಿಲೂ ಬಾಗಿಲೇ ಎಂಬುದು ತುಂಗಮ್ಮನವರಿಗೆ ಹೊಳೆದಿರಲಿಲ್ಲ. ಕಾರ್ತಿಕದ ಕೊನೆಯಲ್ಲಿ ಒಂದು ದಿನ, ಪಾತ್ರೆ ಒರೆಸುತ್ತಿದ್ದ ಅರ್ಪಿತಾ ಮುಖ ಎತ್ತದೆ ಹೇಳಿದಳು:

"ಅತ್ತೆ, ಒಂದು ದಿನ ನಾನು ಮಾಡ್ಲಾ? ನೀವು ಕೂತ್ಕಳಿ, ನಾನು ಬಡಿಸ್ತೀನಿ. ಈ ಮನೆಗೆ ಬಂದ ಮೇಲೆ ನನ್ನ ಕೈದು ನೀವು ಒಂದು ತುತ್ತೂ ತಿಂದಿಲ್ಲ."

ಮಾತಿನ ಕೊನೆಯಲ್ಲಿ ಧ್ವನಿ ಸ್ವಲ್ಪ ಒಡೆಯಿತು. ತುಂಗಮ್ಮನವರು ಅವಳ ಕೈಯಿಂದ ಪಾತ್ರೆಯನ್ನು ತೆಗೆದು ಕೆಳಗಿಟ್ಟರು.

"ಮಾಡು ಮಗಾ, ಬರೋ ಭಾನುವಾರವೇ ಮಾಡು. ಎಂತ ಬೇಕಾದ್ರೂ ಮಾಡು. ಮೊದಲ ತುತ್ತು ನಾನೇ ತಿಂತೆ. ಮಾತು ಕೊಟ್ಟೆ."

ಅರ್ಪಿತಾ ಪುಸ್ತಕ ತೆಗೆದಳು. ಆರಿಸಿದ್ದು ಟ್ಯಾಕೊ ಪಿಜ್ಜಾ.

"ಅದೆಂತದು ಮಾರಾಯ್ತಿ?" ಎಂದು ಪುಟ್ಟಪ್ಪ ಕೇಳಿದರು.

"ಟ್ಯಾಕೊ ಅಂದ್ರೆ ಮೆಕ್ಸಿಕೋದವರ ರೊಟ್ಟಿ ಮಾವ. ಅದ್ರೊಳಗೆ ಕಾಳಿನ ಪಲ್ಯ ಇಟ್ಟು ಮಡಚಿ ತಿಂತಾರೆ. ಪಿಜ್ಜಾ ಇಟಲಿಯವರದ್ದು. ಇದ್ರಲ್ಲಿ ಮಡಚೋದಿಲ್ಲ, ಆ ಪಲ್ಯಾನ ಪಿಜ್ಜಾದ ಹಾಗೆ ಮೇಲೆ ಹರವಿ, ಚೀಸ್ ಹಾಕಿ ಬೇಯಿಸೋದು."

"ಅಂದ್ರೆ ಎರಡು ದೇಶದವರು ನಮ್ಮ ಅಡಿಗೆಮನೆಯಲ್ಲಿ ಬೀಗರಾಗ್ತಾರೆ ಅನ್ನು. ವರೋಪಚಾರ ಚೆನ್ನಾಗಿ ಆಗ್ಲಿ."

ಮಾರ್ಗಶಿರದ ಭಾನುವಾರ ಮಧ್ಯಾಹ್ನ. ಚೀಸಿನ ಡಬ್ಬಿ, ಟೊಮೆಟೊ, ಹೆಚ್ಚಿದ ಎಲೆಕೋಸು, ಬೇಯಿಸಿದ ರಾಜ್ಮಾ ಎಲ್ಲವೂ ಸಾಲಾಗಿ ಸಿದ್ಧವಾದವು. ಯಶವಂತ ಅಂಗಡಿಯಲ್ಲಿ ಸರಿಪಡಿಸಿದ ಹಳೆಯ ಕರೆಂಟಿನ ಓವನ್ ಒಂದನ್ನು ತಂದು ಮೂಲೆಯಲ್ಲಿಟ್ಟ. ಕೊನೆಗೆ ಅರ್ಪಿತಾ ಬಟ್ಟೆಯ ಚೀಲವೊಂದನ್ನು ಬಿಚ್ಚಿ ಪರಾತಕ್ಕೆ ಹಿಟ್ಟು ಸುರಿದಳು. ಅರಿಸಿನ ಬೆರೆಸಿದಂತಹ ಬಣ್ಣ.

"ಇದೆಂತ ಹಿಟ್ಟು ಮಗಾ, ಕಡ್ಲೆಯದ್ದಾ?"

"ಅಲ್ಲ ಅತ್ತೆ. ಮೆಕ್ಕೆಜೋಳದ್ದು. ಟ್ಯಾಕೊಗೆ ಇದೇ ಆಗ್ಬೇಕು. ಸುಂದರೇಶಣ್ಣ ಈ ವರ್ಷ ಮೊದಲ ಸಲ ಹಾಕಿದ್ದ. ಮೊದಲ ಬೆಳೆ, ತಂಗಿಗೆ ಅಂತ ಬೀಸಿಸಿ ಕಳಿಸಿದಾನೆ."

ತುಂಗಮ್ಮನವರು ಪರಾತದ ಮೇಲೆ ಚಾಚಿದ್ದ ಕೈಯನ್ನು ಹಿಂದಕ್ಕೆ ಎಳೆದುಕೊಂಡರು. ಇಪ್ಪತ್ತನಾಲ್ಕು ವರ್ಷ ನಡೆದು ಬಂದದ್ದು ಎದುರಿಗೆ ನಿಂತಿತ್ತು. ಅದೂ ಸೊಸೆಯ ತವರಿನ ಮೊದಲ ಬೆಳೆಯಾಗಿ, ಸೊಸೆಯ ಮೊದಲ ಅಡಿಗೆಯಾಗಿ. ತಿಂದರೆ ಗಯೆಯಲ್ಲಿ ಬಿಟ್ಟ ನೀರು ಸುಳ್ಳಾಗುತ್ತದೆ. ತಿನ್ನದಿದ್ದರೆ ಈ ಹುಡುಗಿಗೆ ಕೊಟ್ಟ ಮಾತು ಸುಳ್ಳಾಗುತ್ತದೆ. ಈಗಲೇ ಹೇಳಿಬಿಡೋಣವೆಂದು ಬಾಯಿ ತೆರೆದರು. ಸೊಸೆಯ ಮುಖದ ಉತ್ಸಾಹವನ್ನು ಕಂಡು ಬಾಯಿ ಮುಚ್ಚಿದರು. ಗಯೆಯಲ್ಲಿ ಹೊರಳದ ನಾಲಿಗೆ ಇಲ್ಲಿಯೂ ಹೊರಳಲಿಲ್ಲ.

ಅಷ್ಟರಲ್ಲಿ ಬೇರೊಂದು ತೊಡಕು ಎದ್ದಿತು. ಅರ್ಪಿತಾ ತಣ್ಣೀರು ಹಾಕಿ ನಾದಿದ ಹಿಟ್ಟು ಒಂದಾಗಲೊಲ್ಲದು. ತಟ್ಟಿದರೆ ಅಂಚು ಒಡೆಯುತ್ತದೆ, ಎತ್ತಿದರೆ ನಡುವೆ ಸೀಳುತ್ತದೆ. ಮೂರು ಸಲ ಉಂಡೆ ಕಟ್ಟಿ ಮೂರು ಸಲ ಮುರಿದಳು. ನೋಟುಪುಸ್ತಕದಲ್ಲಿ "ಮೃದುವಾಗಿ ಕಲಸಿ" ಎಂದಷ್ಟೇ ಇತ್ತು. ಅವಳ ಕಣ್ಣಂಚು ಕೆಂಪಾಯಿತು.

ತುಂಗಮ್ಮನವರು ನೋಡಿಯೂ ನೋಡದಂತೆ ಕೂತಿರಲಾರದೆ ಹೋದರು. ತಿನ್ನುವುದು ನಿಷಿದ್ಧವೇ ಹೊರತು ಮುಟ್ಟಿ ಮಾಡಿಕೊಡುವುದಲ್ಲ. ಅತ್ತೆಯವರು ಹಲಸನ್ನು ಸೀಳಿ ಹಂಚಲಿಲ್ಲವೇ?

"ಇದಕ್ಕೆ ಅಂಟಿಲ್ಲ ಮಗಾ, ನಮ್ಮ ಅಕ್ಕಿಹಿಟ್ಟಿನ ಜಾತಿಯದ್ದೇ. ತಣ್ಣೀರಿಗೆ ಬಗ್ಗೋದಿಲ್ಲ. ಒಲೆಯ ಮೇಲೆ ನೀರಿಡು."

ನೀರು ಕುದಿಯಿತು. "ಈಗ ಹಾಕ್ಲಾ?" ಎಂದು ಅರ್ಪಿತಾ ಕೇಳಿದಳು.

"ತಡಿ. ಸದ್ದು ಕೇಳು. ಇನ್ನೂ ಗುಳುಗುಳು ಅಂತಿದೆ. ಒಂದೇ ಸಮ ಆಗ್ಬೇಕು. ಹಾಂ, ಈಗ ಹಾಕು."

ಬೆಂದ ಹಿಟ್ಟನ್ನು ಇಬ್ಬರೂ ಸೇರಿ ಬಿಸಿಯಲ್ಲೇ ನಾದಿದರು. ಅರ್ಪಿತಾ "ಉಸ್ಸ್" ಎನ್ನುತ್ತಾ ಬೆರಳು ಊದಿಕೊಂಡಳು, ಆದರೆ ಕೈ ತೆಗೆಯಲಿಲ್ಲ. ತುಂಗಮ್ಮನವರ ಅಂಗೈಯಡಿಯಲ್ಲಿ ಆ ಅಪರಿಚಿತ ಹಿಟ್ಟು ಬೆಣ್ಣೆಯಂತೆ ಒಲಿದು, ಬಾಳೆಯೆಲೆಯ ಮೇಲೆ ತಟ್ಟೆಯಗಲಕ್ಕೆ ಬಿರುಕಿಲ್ಲದೆ ಹರಡಿತು. ಮೇಲೆ ಟೊಮೆಟೊದ ಗೊಜ್ಜು. ಅದರ ಮೇಲೆ ಜೀರಿಗೆ, ಇಂಗು, ಒಣಮೆಣಸು ಹಾಕಿ ಅರೆಬರೆ ಜಜ್ಜಿ ಹುರಿದ ರಾಜ್ಮಾ. ಅದರ ಮೇಲೆ ತುರಿದ ಚೀಸ್. ಖಾರ ಸಾಲದೆಂದು ವಾಸನೆಯಿಂದಲೇ ತಿಳಿದ ತುಂಗಮ್ಮನವರು ಹಿತ್ತಿಲ ಗಿಡದಿಂದ ನಾಲ್ಕು ಪುಟ್ಟ ಸೂಜಿಮೆಣಸು ಕಿತ್ತು ತಂದು ಹೆಚ್ಚಿ ಉದುರಿಸಿದರು.

ಓವನ್ನಿಗೆ ಇಟ್ಟು ಐದು ನಿಮಿಷವಾಗಿರಬಹುದು, ಕರೆಂಟು ಹೋಯಿತು. ಯಶವಂತ ಹೊರಗೆ ಹೋಗಿ ಓಣಿಯನ್ನೆಲ್ಲ ನೋಡಿಕೊಂಡು ಬಂದು, "ಪೇಟೆಗೇ ಇಲ್ಲ. ಇನ್ನು ಎರಡು ಗಂಟೆ ಮಾತಾಡ್ಬೇಡಿ" ಎಂದ. ಚೀಸ್ ಅರೆಕರಗಿ, ಬುಡ ಹಸಿಯಾಗಿಯೇ ಉಳಿದಿತ್ತು. ಅರ್ಪಿತಾ ಓವನ್ನಿನ ಗಾಜಿನ ಬಾಗಿಲಿನ ಮುಂದೆ ಕುಕ್ಕರುಗಾಲಿನಲ್ಲಿ ಕೂತಳು, ಎದ್ದೇಳಲಿಲ್ಲ.

ಆಗ ತುಂಗಮ್ಮನವರ ಮನಸ್ಸಿನಲ್ಲಿ ಒಂದು ಯೋಚನೆ ಹಾವಿನ ಹಾಗೆ ಹೆಡೆಯೆತ್ತಿತು. ಹಾಳಾಗಿ ಹೋಗಲಿ. ಇದು ಇಲ್ಲಿಗೇ ನಿಂತರೆ ಯಾವ ಮಾತೂ ಮುರಿಯುವುದಿಲ್ಲ. ಕರೆಂಟಿನ ಮೇಲೆ ತಪ್ಪು ಹೊರಿಸಿ ರಾತ್ರಿಗೆ ಸಾರು ಅನ್ನ ಮಾಡಿದರಾಯಿತು. ಆ ಯೋಚನೆಯನ್ನು ಅವರು ಒಂದು ಕ್ಷಣ ಸಾಕಿದರು. ಕುಳಿತಿದ್ದ ಹುಡುಗಿಯ ಬಗ್ಗಿದ ಬೆನ್ನು ಕಣ್ಣಿಗೆ ಬಿತ್ತು. ಇನ್ನೊಮ್ಮೆ ಸುಲಭದ ದಾರಿಯನ್ನು ಹಿಡಿಯಲು ಹೊರಟಿದ್ದೇನಲ್ಲ ಎಂದು ಅವರಿಗೆ ತಮ್ಮ ಮೇಲೆಯೇ ಹೇಸಿಕೆಯಾಯಿತು.

"ಏಳು ಮಗಾ. ಕರೆಂಟು ಬರೋ ಮುಂಚೆ ನಮ್ಮೂರಲ್ಲಿ ಯಾರೂ ಬೇಯಿಸಿಕೊಂಡು ತಿಂತಿರ್ಲಿಲ್ವಾ? ಬಚ್ಚಲ ಒಲೆಯಲ್ಲಿ ಕರಟದ ಕೆಂಡ ಉಂಟು, ತಾ."

ಬಲಿತ ಸೌತೆಕಾಯಿಯನ್ನು ತುರಿದು, ಬೆಲ್ಲ ಸೇರಿಸಿ, ಮೇಲೂ ಕೆಳಗೂ ಕೆಂಡವಿಟ್ಟು ಬೇಯಿಸುವ ಸಿಹಿಯೊಂದನ್ನು ಸುಬ್ಬಲಕ್ಷ್ಮಮ್ಮ ಅವರಿಗೆ ಕಲಿಸಿದ್ದರು. ಅದೇ ದಪ್ಪ ಕಬ್ಬಿಣದ ಬಾಣಲೆ ಅಟ್ಟದಿಂದ ಇಳಿಯಿತು. ತಳಕ್ಕೆ ಬಾಳೆಯೆಲೆ, ಅದರ ಮೇಲೆ ಪಿಜ್ಜಾ, ಮೇಲೆ ಹಿತ್ತಾಳೆಯ ಮುಚ್ಚಳ. ಮುಚ್ಚಳದ ಮೇಲೆ ಕೆಂಡ, ಬಾಣಲೆಯ ಕೆಳಗೆ ಕೆಂಡ. "ಕೆಳಗಿನದು ಕಡಿಮೆ, ಮೇಲಿನದು ಹೆಚ್ಚು" ಎಂದು ಹೇಳಿ ಇಕ್ಕಳವನ್ನು ಸೊಸೆಯ ಕೈಗೆ ಕೊಟ್ಟರು. ಅರ್ಪಿತಾ ಒಂದೊಂದೇ ಕೆಂಡವನ್ನು ಹಿಡಿದು ಮುಚ್ಚಳದ ಸುತ್ತಲೂ ಜೋಡಿಸಿದಳು.

ಕಾಲು ಗಂಟೆ ಕಳೆಯಿತು. ಸಂಜೆಯ ಬಿಸಿಲು ಇನ್ನೂ ಹಿತ್ತಿಲಲ್ಲಿತ್ತು. ಆಗ ವಾಸನೆ ಎದ್ದಿತು.

ಮೊದಲು ಬಾಳೆಯೆಲೆ ಬಾಡಿದ ವಾಸನೆ. ಆಮೇಲೆ ಕರಗಿದ ಚೀಸಿನದು, ಹುರಿದ ಜೀರಿಗೆಯದು, ಸೂಜಿಮೆಣಸಿನದು. ಇವೆಲ್ಲದರ ತಳದಿಂದ, ಎಲ್ಲವನ್ನೂ ಹೊತ್ತುಕೊಂಡು, ಮೆಕ್ಕೆಜೋಳ ಕೆಂಪಗೆ ಕಾಯುತ್ತಿರುವ ಪರಿಮಳ ಬಂದಿತು. ಹೊಸ ಭತ್ತದ ಅರಳಿನಂತೆ, ಅದಕ್ಕಿಂತಲೂ ಸಿಹಿಯಾಗಿ, ಗಂಟಲ ಬುಡದ ತನಕ ಇಳಿಯುವಂಥದ್ದು. ತುಂಗಮ್ಮನವರ ಬಾಯಲ್ಲಿ ನೀರೂರಿತು. ನುಂಗಿಕೊಂಡರು, ಮತ್ತೆ ಊರಿತು. ಐವತ್ತಾರು ವರ್ಷದ ಬಾಳಿನಲ್ಲಿ ಮಾವಿನ ಮಿಡಿಯ ಹೊರತು ಯಾವುದಕ್ಕೂ ಅವರ ನಾಲಿಗೆ ಹೀಗೆ ಹಾತೊರೆದದ್ದಿಲ್ಲ.

ವಾಸನೆ ಬೇಲಿ ದಾಟಿ ಹೋಗಿರಬೇಕು. ಚಿಕ್ಕಕ್ಕ ಹಿತ್ತಿಲ ಬಾಗಿಲಿನಿಂದಲೇ ಒಳಗೆ ಬಂದಳು. ಎಪ್ಪತ್ತು ದಾಟಿದ್ದರೂ ನಾಲಿಗೆಗೆ ವಯಸ್ಸಾಗಿರಲಿಲ್ಲ.

"ಎಂತ ಸುಡ್ತಾ ಇದ್ದೀರೇ? ಗಯೆಯ ಬೀದಿಯಲ್ಲಿ ಇದೇ ವಾಸನೆ ಇತ್ತಲ್ಲೇ ತುಂಗೆ."

ಚಿಕ್ಕಕ್ಕ ಪರಾತದಲ್ಲಿ ಉಳಿದಿದ್ದ ಹಳದಿ ಹಿಟ್ಟನ್ನು ನೋಡಿದಳು, ತುಂಗಮ್ಮನವರ ಮುಖವನ್ನು ನೋಡಿದಳು, ಮಣೆ ಎಳೆದುಕೊಂಡು ಕೂತಳು. ಅವಳು ಸುಮ್ಮನೆ ಕೂತದ್ದನ್ನು ಆ ಮನೆಯವರು ಅದೇ ಮೊದಲು ಕಂಡದ್ದು.

ಮುಚ್ಚಳ ತೆಗೆದಾಗ ಪಿಜ್ಜಾ ಹೊಂಬಣ್ಣಕ್ಕೆ ತಿರುಗಿತ್ತು. ಅಂಚು ಗರಿಗರಿ, ನಡುವೆ ಮೃದು. ಅರ್ಪಿತಾ ಮೇಲೆ ಎಲೆಕೋಸು, ಕೊತ್ತಂಬರಿಸೊಪ್ಪು ಉದುರಿಸಿ, ನಿಂಬೆ ಹಿಂಡಿ, ದೇವರ ಮುಂದೆ ಇಟ್ಟು ಬಂದಳು. ಆರು ತುಂಡಾಗಿ ಕೊಯ್ದು, ಎಲ್ಲಕ್ಕಿಂತ ಚೆಂದದ ತುಂಡನ್ನು ಆರಿಸಿ ಅತ್ತೆಯ ಬಾಳೆಯೆಲೆಗೆ ಬಡಿಸಿ, ಎದುರಿಗೆ ನಿಂತಳು. ಪುಟ್ಟಪ್ಪ, ಯಶವಂತ ಕೈಯಿಟ್ಟಿರಲಿಲ್ಲ. ಮೊದಲ ತುತ್ತು ಯಾರದೆಂಬುದು ಅವರಿಗೂ ಗೊತ್ತಿತ್ತು. ಪುಟ್ಟಪ್ಪನವರಿಗೆ ಅದು ಯಾವ ಹಿಟ್ಟೆಂಬುದು ಮಾತ್ರ ಗೊತ್ತಿರಲಿಲ್ಲ.

ಚಿಕ್ಕಕ್ಕ ಬಗ್ಗಿ ತುಂಗಮ್ಮನವರ ಕಿವಿಯಲ್ಲಿ ಮೆಲ್ಲಗೆ ಹೇಳಿದಳು:

"ತಿನ್ನೇ. ನಾನು ಗಯೆಗೇ ಬಂದವಳಲ್ಲ ಅಂದ್ಕೋ. ಹುಡುಗಿ ಕಾಯ್ತಾ ಉಂಟು."

ಅದು ಚೇಷ್ಟೆಯಲ್ಲ, ಕನಿಕರ. ತುಂಗಮ್ಮನವರು ತುಂಡನ್ನು ಕೈಗೆತ್ತಿಕೊಂಡರು. ಬಿಸಿ ಬೆರಳಿಗೆ ತಾಗಿತು. ಮೂಗಿನ ಹತ್ತಿರಕ್ಕೆ ಬಂದ ಕೈ ಅಲ್ಲಿಯೇ ನಿಂತಿತು. ಹಲಸಿನ ತೊಳೆಯನ್ನು ಬಿಡಿಸಿ ಕೈಗೆ ಕೊಡುತ್ತಿದ್ದ ಅತ್ತೆಯವರ ಮುಖ ನೆನಪಾಯಿತು. ಆ ಮುಖದಲ್ಲಿದ್ದದ್ದು ಏನೆಂದು ಇಷ್ಟು ವರ್ಷ ನೋಡಿದ್ದರೂ, ಒಳಗಿನಿಂದ ತಿಳಿದದ್ದು ಈ ಕ್ಷಣದಲ್ಲಿ. ಕೈಯಲ್ಲಿದೆ, ಬೇಕಾಗಿದೆ, ತಿನ್ನಬಾರದು.

"ಅರ್ಪಿತಾ, ಇಲ್ಲಿ ಬಾ. ಕೂತ್ಕೋ. ನಾನೊಂದು ಹೇಳ್ಬೇಕು ನಿಂಗೆ."

ಹೇಳಿದರು. ರೈಲಿನ ಮೂರು ದಿನ, ಮಿಡಿಯ ಭರಣಿ, ಹೊರಳದ ನಾಲಿಗೆ, ತೆನೆ ಸುಡುವವನು, ಅತ್ತೆಯವರ ಒಂದು ಮಾತು, ಏನೂ ಬಿಡದೆ ಬಿಟ್ಟೆನೆಂದು ಹೊತ್ತು ತಿರುಗಿದ ಇಪ್ಪತ್ತನಾಲ್ಕು ವರ್ಷದ ನಾಚಿಕೆ. ಗಂಡನಿಗೂ ಹೀಗೆ ಬಿಡಿಸಿ ಹೇಳಿದ್ದಿಲ್ಲ. ಪುಟ್ಟಪ್ಪನವರು ತಮ್ಮ ತಮಾಷೆಗಳನ್ನು ನೆನೆದು ಎಲೆಯ ಅಂಚನ್ನು ಮಡಚುತ್ತಾ ಕೂತರು.

ಅರ್ಪಿತಾಳ ಮುಖ ಮೊದಲು ಇಳಿಯಿತು. "ನೀವು ಮೊದಲೇ ಹೇಳಿದ್ರೆ ನಾನು ಬೇರೆ ಹಿಟ್ಟು ಹಾಕ್ತಿದ್ದೆ ಅತ್ತೆ."

"ನಿನ್ನಣ್ಣ ಕಳಿಸಿದ್ದು ಅಂದ್ಯಲ್ಲ. ನಾಲಿಗೆ ಬರ್ಲಿಲ್ಲ."

"ಈಗಲೂ ತಡ ಆಗಿಲ್ಲ. ಕೆಂಡ ಉಂಟು. ಅಕ್ಕಿಹಿಟ್ಟಿಂದು ಹತ್ತು ನಿಮಿಷದಲ್ಲಿ ಮಾಡಿಕೊಡ್ತೀನಿ, ಮೇಲಿಂದೆಲ್ಲ ಇದೇ."

"ಬೇಡ ಮಗಾ," ಎಂದರು ತುಂಗಮ್ಮ. ಧ್ವನಿಯಲ್ಲಿ ಇದ್ದಕ್ಕಿದ್ದಂತೆ ಒಂದು ಹುರುಪು ಬಂದಿತ್ತು. "ಇದರ ಬದಲಿಗೆ ಅದನ್ನು ತಿಂದರೆ ನಾನು ಬಿಟ್ಟದ್ದು ಎಲ್ಲಿಗೆ ಬಂತು? ನಂಗೆ ಇದು ಬೇಕು ಅಂತ ಆಗ್ತಾ ಉಂಟು. ಇದೇ ಬೇಕು ಅಂತ. ನೀನು ಇಷ್ಟು ಚೆನ್ನಾಗಿ ಮಾಡದೆ ಇದ್ದಿದ್ರೆ ಬೇಕು ಅನ್ನಿಸ್ತಿತ್ತಾ? ನಾನು ಏನನ್ನಾದ್ರೂ ಬಿಟ್ಟದ್ದು ಅಂತ ಇದ್ರೆ ಇವತ್ತೇ ಬಿಟ್ಟದ್ದು."

ಹೇಳಿದ ಮೇಲೆ ಅವರಿಗೇ ಅದು ಕೇಳಿಸಿತು. ಎದೆಯ ಮೇಲೆ ಕೂತಿದ್ದ ಯಾರೋ ಎದ್ದು ಹೋದಂತೆ ಉಸಿರು ತಳದ ತನಕ ಇಳಿಯಿತು. ಕಿಗ್ಗದ ಹಿರಿಯರು ಅಂದು ಓದಲು ತೊಡಗಿದ್ದು ತಮ್ಮನ್ನು ಅಲಕ್ಷ್ಯ ಮಾಡಿ ಅಲ್ಲ, ಹೇಳಬೇಕಾದದ್ದೆಲ್ಲ ಹೇಳಿ ಮುಗಿದಿದ್ದರಿಂದ ಎಂದು ಈಗ ತೋರಿತು.

ಇನ್ನು ಉಳಿದದ್ದು ಸೊಸೆಗೆ ಕೊಟ್ಟ ಮಾತು. ತುಂಗಮ್ಮನವರು ಕೈಯಲ್ಲಿದ್ದ ತುಂಡಿನ ತುದಿಯನ್ನು ಮುರಿದು, ಹೊಸ ಮದುಮಗಳಿಗೆ ತುತ್ತು ಕೊಡುವಂತೆ ಅರ್ಪಿತಾಳ ಬಾಯಿಗೆ ಇಟ್ಟರು.

"ಮೊದಲ ತುತ್ತು ನಂದು ಅಂದಿದ್ದೆ. ನಂದನ್ನು ನಿಂಗೆ ಕೊಟ್ಟೆ. ಸರಿ ಆಯ್ತಾ?"

ಅರ್ಪಿತಾ ಅಗಿಯುತ್ತಲೇ ತಲೆಯಾಡಿಸಿದಳು. ಕಣ್ಣೀರು ಬಂದದ್ದು ಸೂಜಿಮೆಣಸಿನಿಂದ ಎಂದು ಕೈಸನ್ನೆ ಮಾಡಿದಳು. ಯಾರೂ ನಂಬಲಿಲ್ಲ.

"ನಿಮ್ಮದು ಮುಗೀತಾ? ನಂಗೆ ಬಡಿಸಿ," ಎಂದಳು ಚಿಕ್ಕಕ್ಕ. "ನಾನು ಬಿಟ್ಟದ್ದು ಹಾಗಲಕಾಯಿ. ಇದ್ರಲ್ಲಿ ಅದಿಲ್ಲವಲ್ಲ?"

ಅವಳು ಎರಡು ತುಂಡು ತಿಂದಳು. ಎರಡನೆಯದನ್ನು ಮುಗಿಸಿ ಬೆರಳು ನೆಕ್ಕುತ್ತಾ, ತುಂಗಮ್ಮನವರ ಕಡೆ ಓರೆಯಾಗಿ ನೋಡಿ, "ಹೇಗುಂಟು ಅಂತ ಹೇಳ್ಲಾ ಬೇಡ್ವಾ?" ಎಂದು ಕೇಳಿದಳು.

"ಹೇಳಿ ಚಿಕ್ಕಕ್ಕ. ಚೆನ್ನಾಗಿ ಬಿಡಿಸಿ ಹೇಳಿ."

ಚಿಕ್ಕಕ್ಕ ಹೇಳಿದಳು, ಅಂಚು ಹೇಗೆ ಮುರಿಯುತ್ತದೆ, ಚೀಸ್ ಎಷ್ಟು ದೂರ ನೂಲೆಳೆಯುತ್ತದೆ, ಜೋಳದ ಸಿಹಿ ಖಾರದ ಹಿಂದೆ ಹೇಗೆ ಬಂದು ನಿಲ್ಲುತ್ತದೆ ಎಂದು ಒಂದನ್ನೂ ಬಿಡದೆ. ತುಂಗಮ್ಮನವರು ಹಬ್ಬದ ಕಥೆ ಕೇಳುವವರಂತೆ ಕೇಳಿದರು. ಆಮೇಲೆ ಎದ್ದು ಹೋಗಿ ಮೊಸರನ್ನ ಕಲಸಿಕೊಂಡು, ಭರಣಿಯಿಂದ ಮಾವಿನ ಮಿಡಿಯೊಂದನ್ನು ತೆಗೆದು ಬದಿಗಿಟ್ಟುಕೊಂಡು, ಎಲ್ಲರ ನಡುವೆ ಬಂದು ಕೂತರು. ಕಚ್ಚಿದರು. ಇಪ್ಪತ್ತನಾಲ್ಕು ವರ್ಷಗಳಲ್ಲಿ ಮೊದಲ ಬಾರಿಗೆ ಆ ಮಿಡಿಯಲ್ಲಿ ಉಪ್ಪು, ಹುಳಿ, ಖಾರ, ಜೀರಿಗೆಯ ಪರಿಮಳ ಇವಿಷ್ಟೇ ಇದ್ದವು.

ಕರೆಂಟು ಬಂದಿತು. ಮೂಲೆಯ ಓವನ್ ತಾನಾಗಿಯೇ ಉರಿಯತೊಡಗಿದ್ದನ್ನು ಯಶವಂತ ಎದ್ದು ಆರಿಸಿದ. ಪಾತ್ರೆಗಳನ್ನು ಒರೆಸುತ್ತಿದ್ದ ಅರ್ಪಿತಾ, ಚೀಲದಲ್ಲಿ ಉಳಿದ ಹಿಟ್ಟನ್ನು ಏನು ಮಾಡುವುದೆಂದು ಕೇಳಲು ಅಂಜುತ್ತಾ, ಅದನ್ನು ಮೆಲ್ಲಗೆ ಕಟ್ಟಿ ಮರೆಗೆ ಸರಿಸಲು ಹೋದಳು.

"ಅದನ್ನೆಲ್ಲಿಗೆ ಇಡ್ತೀ?" ಎಂದರು ತುಂಗಮ್ಮ. "ಅಕ್ಕಿಹಿಟ್ಟಿನ ಡಬ್ಬಿಯ ಪಕ್ಕದಲ್ಲೇ ಇಡು, ಕೈಗೆ ಸಿಗೂ ಹಾಗೆ. ಬರೋ ಭಾನುವಾರ ಮತ್ತೆ ಮಾಡ್ಬೇಕಲ್ಲ."

"ಮತ್ತೆ ಮಾಡೋದಾ? ನೀವು ತಿನ್ನೋದಿಲ್ವಲ್ಲ ಅತ್ತೆ."

"ಅದಕ್ಕೇ ಮಾರಾಯ್ತಿ," ಎಂದು ತುಂಗಮ್ಮನವರು ಮಿಡಿಯ ಗೊರಟನ್ನು ಚೀಪುತ್ತಾ ಹೇಳಿದರು. "ಸೂಜಿಮೆಣಸು ಇನ್ನೆರಡು ಹೆಚ್ಚು ಹಾಕು."